ಎಣ್ಣೂರಿನ ಅಂಕಣದಲ್ಲಿ ಕಾಂತಪ್ಪ ಬಗ್ಗಿದ್ದು

ಕಾಂತಪ್ಪನವರನ್ನು ಮೊದಲ ಸಲ ಕಂಡಾಗ ಈ ಬರಹಗಾರ ಅವರ ಕೈಗೆ ತನ್ನ ಕಾರಿನ ಕೀಲಿಕೈ ಕೊಟ್ಟುಬಿಟ್ಟಿದ್ದ. ತಪ್ಪು ಪೂರ್ತಿ ಬರಹಗಾರನದೂ ಅಲ್ಲ. ಚೆನ್ನೈಯ ಮೈಲಾಪೂರಿನಲ್ಲಿ ದೇವಸ್ಥಾನದ ಕೊಳದ ಹಿಂದಿನ ಬೀದಿ, ಭಾನುವಾರದ ಬೆಳಿಗ್ಗೆ, ಉಡುಪಿ ಹೋಟೆಲಿನ ಬಾಗಿಲು. ಅಲ್ಲಿ ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು ತೊಟ್ಟು ಕೊರಳಿಗೆ ಸೀಟಿ ತೂಗಿಸಿಕೊಂಡು ಒಬ್ಬರು ನೆಟ್ಟಗೆ ನಿಂತಿದ್ದರೆ ಅವರನ್ನು ಏನೆಂದುಕೊಳ್ಳಬೇಕು? "ನೆರಳಲ್ಲಿ ನಿಲ್ಲಿಸಪ್ಪ" ಎಂದೂ ಹೇಳಿದ್ದಾಯಿತು. ಅವರು ಕೀಲಿಕೈಯನ್ನು ಒಮ್ಮೆ ನೋಡಿದರು, ಕೊಟ್ಟವನನ್ನು ಒಮ್ಮೆ ನೋಡಿದರು. "ನಾನು ಕಬಡ್ಡಿ ರೆಫರಿ. ಮತ್ತೆ ಈ ಬೀದಿಯಲ್ಲಿ ನೆರಳು ಇಲ್ಲ" ಎಂದರು. ಕೀಲಿಕೈಯನ್ನು ನಿಜವಾದ ವಾಚ್‌ಮನ್‌ಗೆ ದಾಟಿಸಿ, ಎಣ್ಣೂರಿನ ಪಂದ್ಯಕ್ಕೆ ಹೊತ್ತಾಯಿತೆಂದು ಬಸ್ಸು ಹಿಡಿಯಲು ರಸ್ತೆ ದಾಟಿದರು.

ವಾರದ ಉಳಿದ ದಿನಗಳಲ್ಲಿ ಅವರು ಅದೇ ಹೋಟೆಲಿನ ಸೂಪರ್‌ವೈಸರ್. ಹೆಬ್ರಿಯ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು ಮೊದಲು ಮೇಜು ಒರೆಸಿದರು, ಆಮೇಲೆ ಇಡ್ಲಿ ಸಪ್ಲೈ ಮಾಡಿದರು, ಕೊನೆಗೆ ಇತರರು ಒರೆಸುವುದನ್ನೂ ಬಡಿಸುವುದನ್ನೂ ನೋಡಿ ಮುಖ ಸಿಂಡರಿಸುವ ಅಧಿಕಾರ ಪಡೆದರು. ಆದರೂ ಅವರ ಹೆಮ್ಮೆ ಮಾತ್ರ ಮೊದಲ ಕೆಲಸದ ಮೇಲೆಯೇ. ಮೇಜು ಒರೆಸುವುದೊಂದು ಕಲೆ ಎಂದು ಅವರು ನಂಬಿದ್ದರು, ಹೊಸದಾಗಿ ಬಂದವರಿಗೆ ಅದರ ಮೇಲೆ ಭಾಷಣವನ್ನೂ ಕೊಡುತ್ತಿದ್ದರು.

ಭಾಷಣದ ಸಾರ ಇಷ್ಟು. ತಿಂದು ಮುಗಿಸಿದ ಗಿರಾಕಿಗೆ "ಏಳಿ" ಎನ್ನಬಾರದು. ಆ ಶಬ್ದ ಹೋಟೆಲಿನ ಭಾಷೆಯಲ್ಲಿಯೇ ಇಲ್ಲ. ಹೊರಗೆ ಜನ ಕಾಯುತ್ತಿದ್ದಾರೆ, ಒಳಗೆ ಒಬ್ಬ ಖಾಲಿ ಲೋಟ ಮುಂದಿಟ್ಟುಕೊಂಡು ಪೇಪರ್ ಓದುತ್ತ ಕೂತಿದ್ದಾನೆ. ಮೊದಲು ಲೋಟ ಎತ್ತಬೇಕು. ಆಮೇಲೆ ಬಿಲ್ ಇಡಬೇಕು. ಅದಕ್ಕೂ ಜಗ್ಗದಿದ್ದರೆ ಒದ್ದೆ ಬಟ್ಟೆ ತಂದು ಮೇಜಿನ ಆಚೆ ತುದಿಯಿಂದ ಒರೆಸಲು ಶುರುಮಾಡಬೇಕು. ಬಟ್ಟೆ ಹತ್ತಿರ ಹತ್ತಿರ ಬಂದಂತೆ ಗಿರಾಕಿಯ ಮೊಣಕೈ ಮೇಲೇಳುತ್ತದೆ, ಆಮೇಲೆ ಪೇಪರ್ ಮೇಲೇಳುತ್ತದೆ, ಕಡೆಗೆ ಗಿರಾಕಿಯೇ ಮೇಲೇಳುತ್ತಾನೆ. "ಆದರೆ ಅವನ ಮುಖ ಮಾತ್ರ ನೋಡಬೇಡಿ" ಎಂದು ಕಾಂತಪ್ಪ ಬೆರಳೆತ್ತಿ ಹೇಳುತ್ತಿದ್ದರು. "ಮೇಜು ನೋಡಿ ಒರೆಸಿದರೆ ಅದು ಚೊಕ್ಕ ಮಾಡುವುದು. ಮುಖ ನೋಡಿ ಒರೆಸಿದರೆ ಅದು ಜಗಳ."

ಕಬಡ್ಡಿ ಅವರಿಗೆ ಹತ್ತಿದ್ದು ಸಮುದ್ರದ ದಂಡೆಯಲ್ಲಿ. ಹೋಟೆಲು ಕೆಲಸಗಾರರೆಲ್ಲ ಸೇರಿ ಮಧ್ಯಾಹ್ನದ ಬಿಡುವಿನಲ್ಲಿ ಮರಳಿನ ಮೇಲೆ ಆಡುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು, ಸಂಘದವರು ನಡೆಸುವ ಪರೀಕ್ಷೆ ಬರೆದು ರೆಫರಿಯಾದರು. ಅಲ್ಲಿಂದ ಮನುಷ್ಯನೇ ಬದಲಾದ. ಹೋಟೆಲಿನಲ್ಲಿ ಅವರ ಮೇಲೆ ಯಜಮಾನರಿದ್ದರು, ಅಡುಗೆ ಭಟ್ಟರಿದ್ದರು, ಸಾಂಬಾರ್ ಸಾಕಾಗಲಿಲ್ಲ ಎನ್ನುವ ಪ್ರತಿಯೊಬ್ಬನೂ ಇದ್ದ. ಅಂಕಣದಲ್ಲಿ ಅವರ ಮೇಲೆ ಆಕಾಶ ಮಾತ್ರ. ಒಂದು ಸೀಟಿ ಊದಿದರೆ ತೊಡೆ ತಟ್ಟುವ ಗಟ್ಟಿಗರೆಲ್ಲ ಕಾಲು ನೆಟ್ಟಲ್ಲೇ ನಿಲ್ಲುತ್ತಿದ್ದರು. ಹೀಗಾಗಿ ಆ ಸೀಟಿಗೆ ಮನೆಯಲ್ಲಿ ದೇವರ ಪಟದ ಪಕ್ಕದ ಮೊಳೆಯಲ್ಲಿ ಜಾಗ ಸಿಕ್ಕಿತು. ಶನಿವಾರ ಸಂಜೆ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕುವಾಗ ಕಾಂತಪ್ಪ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ.

"ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಎದ್ದು ಗ್ಯಾಸ್ ಆಫ್ ಮಾಡಲಿಕ್ಕೆ ಆಗುವುದಿಲ್ಲ. ಊರಿಗೆಲ್ಲ ಸೀಟಿ ಹೊಡೆಯಲಿಕ್ಕೆ ಉಮೇದು ಉಂಟು" ಎನ್ನುತ್ತಿದ್ದರು ಹೆಂಡತಿ ಜಲಜಾಕ್ಷಿ.

ಮಗಳು ವೀಕ್ಷಾ ಶೋಳಿಂಗನಲ್ಲೂರಿನ ಆಫೀಸಿಗೆ ಹೋಗುವವಳು. ಕನ್ನಡದಲ್ಲಿ ಬೈದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಕನ್ನಡಿಯ ಮುಂದೆ ಕೈ ಎತ್ತಿ ಔಟ್ ಕೊಡುವ ಅಭ್ಯಾಸ ಮಾಡುತ್ತಿದ್ದ ಅಪ್ಪನನ್ನು ನೋಡಿ "ಓವರಾ ಪಣ್ಣಾದೀಂಗಪ್ಪಾ" ಎಂದು ನಗುತ್ತಿದ್ದಳು.

ಆ ವರ್ಷ ಅತಿ ಮಾಡಲು ಕಾರಣವೂ ಇತ್ತು. ರಾಜ್ಯ ಮಟ್ಟದ ಪಂದ್ಯಾವಳಿ ಚೆನ್ನೈಯಲ್ಲೇ ನಡೆಯುವುದಿತ್ತು. ಫೈನಲ್ ಪಂದ್ಯದ ಸೀಟಿ ಕಾಂತಪ್ಪನವರಿಗೇ ಎಂದು ಸಂಘದ ಕಾರ್ಯದರ್ಶಿ ಭೋಜರಾಜ ಮಾತು ಕೊಟ್ಟಿದ್ದರು. ಅದಾದ ಮೇಲೆ ವಯಸ್ಸಿನ ನಿಯಮ ಬಂದು ಅವರನ್ನು ಮನೆಗೆ ಕಳಿಸುತ್ತಿತ್ತು. ಇಷ್ಟು ವರ್ಷ ಬೀದಿ ಪಂದ್ಯ, ಕಾಲೇಜು ಪಂದ್ಯ, ಮೀನುಗಾರರ ಕೇರಿಯಾದ ಕುಪ್ಪದ ಪಂದ್ಯ ಎಂದು ಬಸ್ಸು ಹತ್ತಿ ಇಳಿದವರಿಗೆ ಒಂದೇ ಒಂದು ಫೈನಲ್. ಅವರು ಬದುಕಿನಲ್ಲಿ ಬೇರೇನನ್ನೂ ಅಷ್ಟು ಆಸೆಪಟ್ಟಿರಲಿಲ್ಲ. ಜಲಜಾಕ್ಷಿಯವರನ್ನು ಮದುವೆಯಾದದ್ದೂ ಹಿರಿಯರು ನೋಡಿ ಮಾಡಿದ್ದೇ.

ಈ ಆಸೆಗೆ ಅಡ್ಡ ನಿಂತದ್ದು ಯಾವ ತಂಡವೂ ಅಲ್ಲ. ಒಂದು ಟ್ರೈಪಾಡ್.

ದಿನೇಶ್ ಎಂಬವನು 'ತೊಡೈ ತಟ್ಟು ಟಿವಿ' ಎಂಬ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಅದರ ವರದಿಗಾರ, ಛಾಯಾಗ್ರಾಹಕ, ಸಂಪಾದಕ, ಮಾಲೀಕ ಎಲ್ಲ ಅವನೇ. ಚಾನೆಲಿನ ವಾಹನ ಒಂದು ಸ್ಕೂಟರ್. ಬೆನ್ನ ಮೇಲೆ 'ಪ್ರೆಸ್' ಎಂದು ಬರೆದ ಜಾಕೆಟ್ಟನ್ನು ಚೆನ್ನೈಯ ಮೇ ತಿಂಗಳಲ್ಲೂ ಬಿಚ್ಚದವನು. ಅವನ ವರದಿಗಾರಿಕೆಯ ಸಿದ್ಧಾಂತ ಸರಳ: ಆಟ ಎಲ್ಲಿದೆಯೋ ಅಲ್ಲಿ ಕ್ಯಾಮರಾ. ಗೆರೆ ಎಂಬುದು ಆಟಗಾರರಿಗೆ. ಒಮ್ಮೆಯಂತೂ ಉಸಿರು ಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಗಳ ಮೇಲೆ ನುಗ್ಗಿದವನ ಬಾಯಿಗೇ ಮೈಕು ಹಿಡಿದಿದ್ದ. ಸ್ಪಷ್ಟವಾಗಿ ಕೇಳಿಸಲಿ ಎಂದು.

ರೆಫರಿಗಳ ತರಬೇತಿ ಶಿಬಿರದಲ್ಲಿ ಕಾಂತಪ್ಪ ಎದ್ದು ನಿಂತು ಕೇಳಿಯೇ ಬಿಟ್ಟರು. ಅಲ್ಲಿಯ ಮಾತೆಲ್ಲ ತಮಿಳಿನಲ್ಲಿ. ಓದುವವರ ಅನುಕೂಲಕ್ಕಾಗಿ ಇಲ್ಲಿ ಕನ್ನಡದಲ್ಲಿದೆ.

"ಆಟಗಾರ ತಪ್ಪು ಮಾಡಿದರೆ ಹಸಿರು ಕಾರ್ಡ್ ಉಂಟು, ಹಳದಿ ಉಂಟು, ಕೆಂಪು ಉಂಟು. ಕೋಚ್ ಕಿರುಚಿದರೂ ಉಂಟು. ಕ್ಯಾಮರಾ ಹಿಡಿದವ ಒಳಗೆ ಬಂದರೆ ಯಾವ ಬಣ್ಣ ಸಾರ್?"

ಭೋಜರಾಜ ಸಿಮೆಂಟಿನ ವ್ಯಾಪಾರಿ. ಕಬಡ್ಡಿಯನ್ನು ಎಂದೂ ಆಡಿದವರಲ್ಲ. ಆದರೆ ಉದ್ಘಾಟನೆಯ ದಿನ ಎರಡೂ ತಂಡದವರ ಕೈ ಕುಲುಕುವ ಫೋಟೋಗಳಲ್ಲಿ ಅವರಷ್ಟು ಆಡಿದವರು ಇನ್ನೊಬ್ಬರಿಲ್ಲ. ಆ ಫೋಟೋ ತೆಗೆಯುತ್ತಿದ್ದವನು ದಿನೇಶ್.

"ಕಾಂತಪ್ಪಾ, ಮಾಧ್ಯಮ ಅಂದರೆ ಪ್ರಜಾಪ್ರಭುತ್ವದ ನಾಲ್ಕನೆಯ ಕಂಬ. ಕಂಬವನ್ನು ಯಾರಾದರೂ ಆಚೆ ಸರಿ ಅನ್ನುತ್ತಾರಾ?"

"ಕಂಬವನ್ನು ಅಂಕಣದ ಒಳಗೆ ನೆಟ್ಟರೆ ಆಟಗಾರನ ತಲೆ ಒಡೆಯುತ್ತದೆ ಸಾರ್."

"ನೀವು ಹೋಟೆಲಿನವರು. ಗಿರಾಕಿಗಳನ್ನು ಸಂಭಾಳಿಸುವುದು ನಿಮಗೆ ಗೊತ್ತು. ನಯವಾಗಿ ನೋಡಿಕೊಳ್ಳಿ. ಮೀಡಿಯಾದವರನ್ನು ನಾವು ಮುಟ್ಟುವ ಹಾಗಿಲ್ಲ, ಅಷ್ಟೇ." ಭೋಜರಾಜ ನಕ್ಕರು. ಉಳಿದ ರೆಫರಿಗಳೂ ನಕ್ಕರು. ಫೈನಲ್ ಯಾರಿಗೆ ಬೇಡ.

ನಯವಾಗಿ ನೋಡಿಕೊಳ್ಳಿ ಎಂಬ ಮಾತನ್ನು ಕಾಂತಪ್ಪ ಮನಸ್ಸಿಗೆ ಹಚ್ಚಿಕೊಂಡರು. ಅದೇ ಎಡವಟ್ಟಾಯಿತು.

ಎಣ್ಣೂರಿನಲ್ಲಿ ಆ ಪಂದ್ಯಾವಳಿಯ ಲೀಗ್ ಪಂದ್ಯ. ಒಂದು ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು, ಇನ್ನೊಂದು ಕಡೆ ಮೀನುಗಾರರ ಮನೆಗಳು, ನಡುವಿನ ಬಯಲಿನಲ್ಲಿ ನೀಲಿ ಮ್ಯಾಟ್ ಹಾಸಿದ ಅಂಕಣ. ಗಾಳಿ ಈ ಕಡೆ ತಿರುಗಿತೆಂದರೆ ಮ್ಯಾಟಿನ ಮೇಲೆ ಸಣ್ಣಗೆ ಬೂದಿ ಕೂರುತ್ತದೆ. ಕಾಲು ಜಾರದ ಹಾಗೆ ಆಗಾಗ ಒರೆಸಬೇಕು. ಕಾಂತಪ್ಪ ಅದಕ್ಕೆಂದು ಹೋಟೆಲಿನ ಚೌಕಳಿ ಬಟ್ಟೆಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬರುತ್ತಿದ್ದರು. ಊರಿನ ತಂಡದಲ್ಲಿ ಸಾಯಿ ಎಂಬ ಹುಡುಗ. ತೆಳ್ಳಗೆ, ಈಟಿಯ ಹಾಗೆ ನುಗ್ಗುವವನು. ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸದ ಆಯ್ಕೆಗೆ ಅವನಿಗೆ ಕರೆ ಬಂದಿತ್ತು. ಅವನ ಅಮ್ಮ ಬೆಳಗಿನ ಮೀನು ಮಾರಿ, ಬುಟ್ಟಿ ತೊಳೆದಿಟ್ಟು, ಹಗ್ಗದ ಆಚೆ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಅಂಕಣದ ಎರಡೂ ಪಕ್ಕಕ್ಕೆ ಲಾಬಿ ಎಂಬ ಪಟ್ಟಿ ಇರುತ್ತದೆ. ಹಿಡಿದಾಟ ಶುರುವಾದ ಮೇಲೆ ಆಟಗಾರರು ಅಲ್ಲಿಗೂ ಉರುಳಿ ಬರುತ್ತಾರೆ. ದಿನೇಶ್ ಟ್ರೈಪಾಡ್ ಊರಿದ್ದು ಸರಿಯಾಗಿ ಅಲ್ಲಿ.

"ತಂಬಿ, ಕೊಂಜಂ ಪಿನ್ನಾಡಿ" ಎಂದು ಕೈಯಿಂದ ಹಿಂದಕ್ಕೆ ತೋರಿಸಿದರು ಕಾಂತಪ್ಪ.

"ಸರಿ ಅಣ್ಣಾ" ಎಂದ ದಿನೇಶ್. ಒಂದು ಅಂಗುಲವೂ ಕದಲಲಿಲ್ಲ.

ಎರಡನೆಯ ಸಲ ಹೇಳಿದಾಗ ಅವನು ಕ್ಯಾಮರಾವನ್ನು ಅವರ ಮುಖಕ್ಕೆ ತಿರುಗಿಸಿದ. ಕಾಂತಪ್ಪ ನಿಯಮದ ಪ್ರಕಾರ ಆಯೋಜಕರಿಗೆ ತಿಳಿಸಿದರು. ಆಯೋಜಕರು ಧ್ವನಿವರ್ಧಕ ಹಿಡಿದರು. "ಮಾಧ್ಯಮ ಮಿತ್ರರು ದಯಮಾಡಿ ಗಮನಿಸಬೇಕು. ನಮ್ಮ ಆಹ್ವಾನವನ್ನು ಮನ್ನಿಸಿ ಬಂದ ತೊಡೈ ತಟ್ಟು ಟಿವಿಯ ದಿನೇಶ್ ಅವರಿಗೆ ಈಗ ಶಾಲು ಹೊದಿಸಿ ಗೌರವಿಸಲಾಗುವುದು." ಅಂಕಣದ ನಡುವೆಯೇ ಶಾಲು ಹೊದಿಸಲಾಯಿತು. ದಿನೇಶ್ ಶಾಲು ಸಮೇತ ಲಾಬಿಗೆ ಹಿಂತಿರುಗಿ ಮೊದಲಿನ ಜಾಗದಲ್ಲೇ ನಿಂತ.

ಆಗ ಕಾಂತಪ್ಪನವರ ತಲೆಯೊಳಗೆ ಮೈಲಾಪೂರಿನ ಹೋಟೆಲು ತೆರೆದುಕೊಂಡಿತು. ಲೋಟ ಎತ್ತಿಯಾಯಿತು, ಬಿಲ್ಲೂ ಇಟ್ಟಾಯಿತು. ಇನ್ನು ಉಳಿದದ್ದು ಒಂದೇ. ಅವರು ಸೀಟಿ ಊದಿ ಆಟ ನಿಲ್ಲಿಸಿ, ಸೊಂಟದ ಬಟ್ಟೆ ತೆಗೆದರು. ಲಾಬಿಯ ಆಚೆ ತುದಿಗೆ ಹೋಗಿ ಬಗ್ಗಿ ಒರೆಸಲು ಶುರುಮಾಡಿದರು. ಬೂದಿ ಎದ್ದು ನೀಲಿ ಕಾಣಿಸುತ್ತ ಬಂತು. ಬಟ್ಟೆ ನಿಧಾನವಾಗಿ ದಿನೇಶನ ಬೂಟಿನ ಕಡೆ ಬಂತು. ಕಾಂತಪ್ಪ ತಲೆಯೆತ್ತಲಿಲ್ಲ, ಮುಖ ನೋಡಲಿಲ್ಲ. ದಿನೇಶ್ ಒಂದು ಕಾಲು ಎತ್ತಿದ, ಆಮೇಲೆ ಇನ್ನೊಂದು ಕಾಲು. ಟ್ರೈಪಾಡ್ ಎತ್ತಿದ. ಬಟ್ಟೆ ಬಂದಂತೆಲ್ಲ ಹಿಂದೆ ಹಿಂದೆ ಸರಿದು, ತನಗೇ ತಿಳಿಯದ ಹಾಗೆ ಗೆರೆಯ ಆಚೆಗೆ ಹೋಗಿ ನಿಂತಿದ್ದ.

ಬಯಲೆಲ್ಲ ನಕ್ಕಿತು. ಮೀನುಗಾರರ ಕೇರಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸಾಯಿ ತೊಡೆ ತಟ್ಟಿದ. ಕಾಂತಪ್ಪ ಬಟ್ಟೆ ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸೀಟಿ ಊದಿದರು. ಆ ದಿನದ ಸೀಟಿ ಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿತ್ತು ಎಂದು ನೋಡಿದವರು ಹೇಳುತ್ತಾರೆ. ಬಸ್ಸಿನಲ್ಲಿ ಮನೆಗೆ ಬರುವಾಗಲೂ ಅವರ ಮುಖದ ನಗು ಇಳಿದಿರಲಿಲ್ಲ. ಬುದ್ಧಿವಂತನೆನಿಸಿಕೊಂಡ ದಿನ ಮನುಷ್ಯ ಸೀಟು ಸಿಗದಿದ್ದರೂ ಬೇಸರಿಸುವುದಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯ ಗದ್ದಲದ ನಡುವೆ ವೀಕ್ಷಾ ಆಫೀಸಿನ ಕ್ಯಾಬಿನಿಂದ ಫೋನ್ ಮಾಡಿದಳು.

"ಅಪ್ಪಾ, ಎಂತಪ್ಪಾ ಇದು? ಯಾರ ಕಾಲಿಗಪ್ಪಾ ಬಿದ್ದಿ ನೀನು?" ಗಾಬರಿಯಲ್ಲಿ ಅವಳ ಬಾಯಿಂದ ಕನ್ನಡ ಬಂದಿತ್ತು. ಕಾಂತಪ್ಪನವರಿಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ.

ದಿನೇಶನ ಕ್ಯಾಮರಾ ಅಷ್ಟು ಹೊತ್ತೂ ಓಡುತ್ತಲೇ ಇತ್ತು. ವಿಡಿಯೋದಲ್ಲಿ ಗೆರೆ ಇರಲಿಲ್ಲ, ಸೀಟಿ ಇರಲಿಲ್ಲ, ಬಟ್ಟೆಯೂ ಸರಿಯಾಗಿ ಕಾಣುತ್ತಿರಲಿಲ್ಲ. ಒಂದು ಜೊತೆ ಬೂಟು, ಅದರ ಮುಂದೆ ಬಿಳಿ ಬಟ್ಟೆಯಲ್ಲಿ ಬಗ್ಗಿದ ಒಬ್ಬ ಮನುಷ್ಯ, ಅವನ ಬೋಳುತಲೆ, ಹಿನ್ನೆಲೆಯಲ್ಲಿ ಅಳುವ ಪಿಟೀಲು. ತಲೆಬರಹ: 'ತಪ್ಪು ತೀರ್ಪು. ಪತ್ರಕರ್ತನ ಕಾಲಿಗೆ ಬಿದ್ದ ರೆಫರಿ'. ಬೇರೆ ಊರಿನಲ್ಲಾದರೆ ಜನ ಇದ್ಯಾಕೆ ಬಿದ್ದ ಎಂದಾದರೂ ಕೇಳುತ್ತಿದ್ದರೇನೋ. ಕಾಲಿಗೆ ಬೀಳುವುದನ್ನು ಪೇಪರಿನ ಮುಖಪುಟದಲ್ಲೇ ನೋಡಿ ಬೆಳೆದ ಈ ಊರಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ. ಬಿದ್ದದ್ದರಿಂದ ಏನು ಸಿಕ್ಕಿತು ಎಂದಷ್ಟೇ ಕೇಳುತ್ತಾರೆ.

ಹೋಟೆಲಿಗೆ ದಿನಾ ಬರುವ ಬ್ಯಾಂಕಿನ ನಿವೃತ್ತರು ಕಾಫಿಯ ಬಟ್ಟಲು ಕೆಳಗಿಟ್ಟು ಎರಡೂ ಕಾಲನ್ನು ಮೇಜಿನಿಂದ ಹೊರಗೆ ಚಾಚಿದರು. "ಕಾಂತಪ್ಪಾ, ನಮ್ಮದೂ ಸ್ವಲ್ಪ ನೋಡಿಕೊಳ್ಳಿ."

"ಇವತ್ತು ಶನಿವಾರ ಅಲ್ಲ ಸಾರ್, ಕುದುರೆಗೆ ಲಾಳ ಹೊಡೆಯುವವ ಬರುವುದು ಶನಿವಾರ" ಎಂದರು ಕಾಂತಪ್ಪ. ಸುತ್ತ ಕೂತವರು ನಕ್ಕರು. ಅವರಿಗೆ ಮಾತ್ರ ನಗು ಬರಲಿಲ್ಲ. ಯಜಮಾನರು ಕೆಲವು ದಿನ ಗಲ್ಲಾದ ಪಕ್ಕ ನಿಲ್ಲಬೇಡಿ, ಒಳಗೆ ಹಿಟ್ಟು ರುಬ್ಬುವಲ್ಲಿ ನೋಡಿಕೊಳ್ಳಿ ಎಂದು ನಯವಾಗಿಯೇ ಹೇಳಿದರು.

ಭೋಜರಾಜರೂ ನಯವಾಗಿಯೇ ಇದ್ದರು. "ಸಂಘದ ಮರ್ಯಾದೆ ಹೋಯಿತು ಕಾಂತಪ್ಪಾ. ನೀವು ಒರೆಸಿದಿರೋ ಬಿದ್ದಿರೋ ಅದು ಮುಖ್ಯ ಅಲ್ಲ. ನೋಡಿದವರಿಗೆ ಹೇಗೆ ಕಾಣಿಸಿತು ಅದು ಮುಖ್ಯ. ವಿಚಾರಣೆ ಮುಗಿಯುವ ತನಕ ಸೀಟಿ ಮನೆಯಲ್ಲಿರಲಿ."

"ಗೆರೆಯ ಒಳಗೆ ನಿಂತವನಿಗೆ ವಿಚಾರಣೆ ಇಲ್ಲವಾ ಸಾರ್?"

"ಅವನಿಗೆ ಶಾಲು ಹೊದಿಸಿಯಾಗಿದೆಯಲ್ಲ" ಎಂದರು ಭೋಜರಾಜ, ಅದಕ್ಕಿಂತ ದೊಡ್ಡ ದಾಖಲೆ ಬೇಕೆ ಎನ್ನುವ ಹಾಗೆ.

ಎಣ್ಣೂರಿನಲ್ಲೇ ನಡೆದ ಸೆಮಿಫೈನಲಿಗೆ ಬೇರೊಬ್ಬ ರೆಫರಿ ಬಂದ. ಚಿಕ್ಕ ವಯಸ್ಸಿನವನು, ಮಾಧ್ಯಮದವರನ್ನು ಮುಟ್ಟಬಾರದೆಂದು ಚೆನ್ನಾಗಿ ಪಾಠ ಹೇಳಿಸಿಕೊಂಡು ಬಂದವನು. ಕಾಂತಪ್ಪ ಅಂದು ಹೋಗಬಾರದೆಂದು ಜಲಜಾಕ್ಷಿ ಹೇಳಿದ್ದರು. ಹೋದರು. ಪಂಚೆ ಉಟ್ಟುಕೊಂಡು, ಸಾಯಿಯ ಅಮ್ಮನ ಹಿಂದಿನ ಸಾಲಿನಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಕೂತರು. ಗಾಳಿ ಆ ದಿನವೂ ಸ್ಥಾವರದ ಕಡೆಯಿಂದಲೇ ಬೀಸುತ್ತಿತ್ತು. ದಿನೇಶ್ ಲಾಬಿಯಲ್ಲೇ ಇದ್ದ. ಈ ಸಲ ಒಂದು ಸ್ಟೂಲನ್ನೂ ತಂದಿದ್ದ.

ಸಾಯಿ ನುಗ್ಗಿದ. ಒಬ್ಬನನ್ನು ಮುಟ್ಟಿದ, ಇಬ್ಬರು ಅವನ ಸೊಂಟ ಹಿಡಿದರು. ಕೊಸರಿಕೊಂಡು, ಮೀನಿನ ಹಾಗೆ ಮೈ ತಿರುಚಿ, ನಡುಗೆರೆಯ ಕಡೆ ಹಾರಿದ. ಹಾರಿದವನ ಕಾಲು ಮ್ಯಾಟಿನ ಮೇಲೆ ಬೀಳಬೇಕಿತ್ತು. ಟ್ರೈಪಾಡಿನ ಎರಡು ಕಾಲುಗಳ ನಡುವೆ ಬಿತ್ತು. ಕ್ಯಾಮರಾ ಒಂದು ಕಡೆ ಉರುಳಿತು, ಮೊಣಕಾಲು ಇನ್ನೊಂದು ಕಡೆ ತಿರುಗಿತು.

ಕಾಂತಪ್ಪನವರ ಕೈ ಕೊರಳಿಗೆ ಹೋಯಿತು. ಅಲ್ಲಿ ಸೀಟಿ ಇರಲಿಲ್ಲ.

ಸೀಟಿ ಊದಬೇಕಾದವನು ಊದುವ ಹೊತ್ತಿಗೆ ಸಾಯಿಯ ಅಮ್ಮ ಹಗ್ಗದ ಕೆಳಗೆ ನುಸುಳಿ ಅಂಕಣದ ನಡುವೆ ಬಂದಿದ್ದಳು. ದಿನೇಶ್ ಮೊದಲು ಕ್ಯಾಮರಾ ಎತ್ತಿ ಲೆನ್ಸು ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಮೈಕು ಹಿಡಿದು ಕುಕ್ಕುರುಗಾಲಿನಲ್ಲಿ ಕೂತ.

"ಸಾಯಿ, ಈ ಕ್ಷಣ ನಿಮಗೆ ಏನನ್ನಿಸುತ್ತಿದೆ?"

ಸಾಯಿ ಹಲ್ಲು ಕಚ್ಚಿ ಮಲಗಿದ್ದ. ಉತ್ತರ ಕೊಟ್ಟವಳು ಅವನ ಅಮ್ಮ. ಆ ಮಾತು ಅಚ್ಚು ಹಾಕುವಂಥದ್ದಲ್ಲ. ದಿನೇಶನೂ ಅದರ ಮೇಲೆ ಪೀಂ ಎಂಬ ಸದ್ದು ಹಾಕಿದ. ಆ ವಿಡಿಯೋ ನೋಡಿದವರ ಸಂಖ್ಯೆ ಕಾಲಿಗೆ ಬಿದ್ದದ್ದನ್ನು ನೋಡಿದವರಿಗಿಂತ ಹೆಚ್ಚಾಯಿತು.

ಸಾಯಿಯನ್ನು ಶೇರ್ ಆಟೋದ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಆಸ್ಪತ್ರೆಗೆ ಒಯ್ದರು. ಕಾಂತಪ್ಪ ಮುಂದೆ ಡ್ರೈವರನ ಪಕ್ಕ ಅರ್ಧ ಕೂತು ಹೋದರು. ಇನ್ನು ಓಡಾಡಬಹುದು, ಆಡುವುದು ಕಷ್ಟ ಎಂದರು ಡಾಕ್ಟರು. ಸರ್ಕಾರಿ ಕೆಲಸದ ಆಯ್ಕೆಯ ದಿನ ಬಂದು ಹೋಯಿತು. ಸಾಯಿ ಈಗ ಬಂದರಿನ ಗೇಟಿನ ಹತ್ತಿರ ಲಾರಿಗಳಿಗೆ ಚಹಾ ಕೊಡುವ ಅಂಗಡಿಯಲ್ಲಿ ಕೂರುತ್ತಾನೆ.

ಇದರಿಂದ ಭೋಜರಾಜರಿಗೂ ಚಿಂತೆ ಹತ್ತಿತು. ಸಾಯಿಯ ಕಾಲಿನ ಚಿಂತೆಯಲ್ಲ. ಎಣ್ಣೂರಿನವರು ಫೈನಲ್ ನಡೆಯಲು ಬಿಡುವುದಿಲ್ಲವೆಂದು ಕೂಗಾಡುತ್ತಿದ್ದರು. ಅವರು ಮಾತು ಕೇಳುವ ರೆಫರಿ ಒಬ್ಬರೇ. ಆದ್ದರಿಂದ ಕಾರ್ಯದರ್ಶಿಗಳು ಒಂದು ಮಧ್ಯಾಹ್ನ ತಾವಾಗಿಯೇ ಮೈಲಾಪೂರಿಗೆ ಬಂದು, ಹಿಟ್ಟು ರುಬ್ಬುವ ಯಂತ್ರದ ಪಕ್ಕ ನಿಂತರು.

"ವಿಚಾರಣೆ ಮುಗಿಯಿತು ಕಾಂತಪ್ಪಾ. ನಿಮ್ಮದೇನೂ ತಪ್ಪಿಲ್ಲ. ಫೈನಲ್ ನಿಮ್ಮದೇ."

ಕಾಂತಪ್ಪ ಯಂತ್ರ ನಿಲ್ಲಿಸಿದರು.

"ಒಂದು ಸಣ್ಣ ಕೆಲಸ" ಎಂದರು ಭೋಜರಾಜ. "ದಿನೇಶ್ ಬಂದು ಒಂದು ಇಂಟರ್‌ವ್ಯೂ ಮಾಡುತ್ತಾನೆ. ಸಾಯಿ ಬಿದ್ದದ್ದು ಆಕಸ್ಮಿಕ, ರೆಫರಿಗಳು ಮಾಧ್ಯಮದವರು ಎಲ್ಲ ಒಂದೇ ಕುಟುಂಬ ಅಂತ ನೀವು ನಾಲ್ಕು ಮಾತು ಹೇಳಿದರೆ ಸಾಕು. ನೀವು ಹೇಳಿದರೆ ಕುಪ್ಪದವರು ಸುಮ್ಮನಾಗುತ್ತಾರೆ."

"ಹೇಳದಿದ್ದರೆ?"

"ನಿಮ್ಮ ವಯಸ್ಸು ಎಷ್ಟಾಯಿತು ಅಂದಿರಿ?" ಎಂದರು ಭೋಜರಾಜ. ಹೊರಡುವಾಗ ಎರಡು ವಡೆ ಕಟ್ಟಿಸಿಕೊಂಡರು.

ಮನೆಯಲ್ಲಿ ಕಾಂತಪ್ಪ ಊಟಕ್ಕೆ ಕೂತು ಅನ್ನವನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ದೂಡಿದರು.

"ಹೇಳಿಬಿಡಿ ಮಾರಾಯ್ರೆ" ಎಂದರು ಜಲಜಾಕ್ಷಿ. "ಉಪ್ಪು ಸರಿ ಇದ್ದಾಗಲೂ ಹೆಚ್ಚಾಯಿತು ಅಂದವರ ಹತ್ತಿರ ತಪ್ಪಾಯಿತು ಸಾರ್ ಅಂತ ಎಷ್ಟು ಸಲ ಹೇಳಲಿಲ್ಲ ನೀವು? ನಾಲಿಗೆಗೆ ಎಂತ ಎಲುಬು ಉಂಟಾ?"

"ಅದು ಉಪ್ಪು."

"ಮತ್ತೆ ಇದು ಎಂತ?"

ಜಲಜಾಕ್ಷಿ ಎದ್ದು, ದೇವರ ಪಟದ ಪಕ್ಕದ ಮೊಳೆಯಿಂದ ಸೀಟಿಯನ್ನು ತೆಗೆದು, ಸೆರಗಿನಲ್ಲಿ ಧೂಳು ಒರೆಸಿ ತಟ್ಟೆಯ ಪಕ್ಕದಲ್ಲಿಟ್ಟರು. "ಇದು ನಿಮಗೆ ಬೇಕು ಅಂತ ನನಗೆ ಗೊತ್ತುಂಟು. ಅದಕ್ಕೆ ಹೇಳಿದ್ದು. ನನಗೆ ಅವನ ಮೋರೆ ಕಂಡರೆ ಆಗುವುದಿಲ್ಲ."

ಹೇಳಿಬಿಡುವುದೆಂದೇ ಕಾಂತಪ್ಪ ತೀರ್ಮಾನಿಸಿದರು. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಶನಿವಾರವಲ್ಲದ ದಿನ ಬಿಳಿ ಪ್ಯಾಂಟಿಗೆ ಇಸ್ತ್ರಿ ಬಿತ್ತು. 'ಆಕಸ್ಮಿಕ' ಎಂಬ ಮಾತನ್ನು ತಮಿಳಿನಲ್ಲಿ ಹೇಗೆ ಹೇಳಿದರೆ ಗಂಭೀರವಾಗಿರುತ್ತದೆಂದು ಮಗಳನ್ನು ಕೇಳಿಕೊಂಡರು. ಅವಳು ಹೇಳಿಕೊಟ್ಟಳು. 'ಓವರಾ ಪಣ್ಣಾದೀಂಗ' ಎಂದು ಈ ಸಲ ಅನ್ನಲಿಲ್ಲ.

ತಿಂಡಿಯ ಹೊತ್ತು ಇಳಿದು ಊಟದ ಹೊತ್ತು ಶುರುವಾಗುವ ನಡುವೆ ಇಂಟರ್‌ವ್ಯೂ. ಗೋಡೆಯ ಪಕ್ಕದ ಮೇಜು. ಹಿಂದಿನ ಕುರ್ಚಿಯಲ್ಲಿ ಭೋಜರಾಜ, ಮಡಿಲಲ್ಲಿ ಕೊನೆಗೆ ಹೊದಿಸಲೆಂದು ತಂದ ಶಾಲು. ದಿನೇಶ್ ಮೊದಲು ಮಸಾಲೆದೋಸೆ ತಿಂದ, ಕಾಫಿ ಕುಡಿದ, ಖಾಲಿ ಬಟ್ಟಲನ್ನು ಮುಂದೆಯೇ ಇಟ್ಟುಕೊಂಡು ಜಾಕೆಟ್ ಸರಿಮಾಡಿಕೊಂಡ. ಟ್ರೈಪಾಡನ್ನು ಸಪ್ಲೈಯರುಗಳು ಓಡಾಡುವ ದಾರಿಗೆ ಸರಿಯಾಗಿ ಅಡ್ಡ ಊರಿದ. ಸಾಂಬಾರಿನ ಬಕೆಟ್ಟು ಹಿಡಿದವನೊಬ್ಬ ಮೈ ಓರೆ ಮಾಡಿಕೊಂಡು ದಾಟಿದ. ಕಾಂತಪ್ಪ ಅದನ್ನು ನೋಡಿದರು.

"ಹಿರಿಯ ರೆಫರಿಗಳಾಗಿ ಹೇಳಿ ಅಣ್ಣಾ. ಸಾಯಿಗೆ ಆದದ್ದು ಆಕಸ್ಮಿಕ ಅಲ್ಲವೇ?"

ಕಾಂತಪ್ಪ ಬಾಯಿ ತೆರೆದರು. ಮಗಳು ಹೇಳಿಕೊಟ್ಟ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಗಿಲ ಹೊರಗೆ ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಜಮೆಯಾಗುತ್ತಿದ್ದರು. ಕಾಂತಪ್ಪ ಕೈಚಾಚಿ ಮೇಜಿನ ಮೇಲಿನ ಖಾಲಿ ಬಟ್ಟಲನ್ನು ಎತ್ತಿ ಪಕ್ಕದಲ್ಲಿ ಹಾದುಹೋಗುತ್ತಿದ್ದ ಸಪ್ಲೈಯರನ ಕೈಗೆ ಕೊಟ್ಟರು.

ಭೋಜರಾಜ ಕೆಮ್ಮಿದರು. ಉತ್ತರ ಬಾರದಿದ್ದದ್ದನ್ನು ದಿನೇಶ್ ಅಷ್ಟಾಗಿ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಅದನ್ನು ಆಮೇಲೆ ಕತ್ತರಿಸಿ ಅಂಟಿಸಬಹುದು. ಅವನಿಗೆ ಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು.

"ಸರಿ ಅಣ್ಣಾ, ಅದಿರಲಿ. ನಮ್ಮ ಫ್ಯಾನ್ಸ್ ಎಲ್ಲ ಕೇಳುತ್ತಿರುವುದು ಇದೊಂದೇ. ಅವತ್ತು ನೀವು ನನ್ನ ಕಾಲಿಗೆ ಬಿದ್ದಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?"

ಆ ಇಂಟರ್‌ವ್ಯೂ ಯಾವ ಚಾನೆಲಿನಲ್ಲೂ ಬರಲಿಲ್ಲ. ಫೈನಲಿನ ಸೀಟಿ ಕಾಂತಪ್ಪನವರಿಗೆ ಸಿಗಲಿಲ್ಲ. ಭೋಜರಾಜರ ಮಡಿಲಿನ ಶಾಲು ಬೇರೊಬ್ಬರ ಹೆಗಲೇರಿತು. ಆದರೆ ಅಂದು ಹೋಟೆಲಿನಲ್ಲಿದ್ದವರೆಲ್ಲ ಉತ್ತರವನ್ನು ಕೇಳಿಸಿಕೊಂಡರು. ಕಾಂತಪ್ಪ ಸೊಂಟದಿಂದ ಚೌಕಳಿ ಬಟ್ಟೆ ತೆಗೆದು, ಮೇಜಿನ ಆಚೆ ತುದಿಯಿಂದ ಒರೆಸಲು ಶುರುಮಾಡಿದ್ದರು. ಬಟ್ಟೆ ದಿನೇಶನ ಮೊಣಕೈಯ ಹತ್ತಿರ ಬಂದಾಗ, ಇಷ್ಟು ವರ್ಷಗಳ ಕಸುಬಿನಲ್ಲಿ ಮೊದಲ ಸಲ, ತಲೆಯೆತ್ತಿ ಗಿರಾಕಿಯ ಮುಖವನ್ನು ನೋಡಿದರು.

"ನೆಲ ಒರೆಸಿದರೆ ಇವ ಏಳುತ್ತಾನೆ ಅಂತ ಇತ್ತು. ಅವತ್ತು ಎದ್ದಿ. ಸಾಯಿ ಬಿದ್ದ ದಿನ ಒರೆಸುವವರು ಇರಲಿಲ್ಲ. ಕಾಫಿ ಮುಗಿಯಿತಲ್ಲ, ಕೈ ತೆಗಿ."